ತಪ್ಪಿನ ಪುಸ್ತಕ

ಭಾನುವಾರ, ಮಧ್ಯಾಹ್ನ

ಪ್ರೀತಿಯ ದೊಡ್ಡಕ್ಕ,

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರೆಂದು ಗುರುತಿಸಿರುತ್ತೀರಿ. ಒಡೆಯದೆ ಪಕ್ಕಕ್ಕಿಡಬೇಡಿ. ಮೂರು ವರ್ಷದಿಂದ ನಿಮ್ಮ ಬೀದಿ ಕಡೆ ಸುಳಿಯದವಳು ಈಗ ಯಾವ ಮುಖ ಇಟ್ಟುಕೊಂಡು ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಿದರೆ ಅದು ಸರಿಯೇ. ನಿಮ್ಮ ಮೊಣಕಾಲು ನೋವು ಹೇಗಿದೆ ಎಂದೆಲ್ಲ ಕೇಳಿ ಆಮೇಲೆ ವಿಷಯಕ್ಕೆ ಬರೋಣವೆಂದು ಎರಡು ಹಾಳೆ ಬರೆದು ಹರಿದೆ. ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಶಿಶುವಿಹಾರದಲ್ಲಿ ಒಂದು ಮಗು ಸಾಮಾನು ಕೋಣೆಯಲ್ಲಿ ಸಿಕ್ಕಿಕೊಂಡು ಒಂದೂವರೆ ಗಂಟೆ ಕತ್ತಲಲ್ಲಿತ್ತು. ಜೀವ ಉಳಿದಿದೆ. ಆದರೆ ಹನ್ನೆರಡು ದಿನದಿಂದ ಅದು ಮಾತಾಡಿಲ್ಲ.

ನಾಲ್ಕು ವರ್ಷದ ಹುಡುಗಿ. ಯಾಕಮ್ಮ ಎಂದು ಆಯಾ ಇಟ್ಟ ಹೆಸರು ಎಲ್ಲರ ಬಾಯಿಗೂ ಬಂದಿತ್ತು. ನೀರು ಯಾಕೆ ಒದ್ದೆ, ಆಯಾ ಯಾಕೆ ಕೂತಲ್ಲೇ ಗೊರಕೆ ಹೊಡೆಯುತ್ತಾರೆ, ನಿಮ್ಮ ಮೂಗು ಯಾಕೆ ಅಷ್ಟು ದೊಡ್ಡದು. ಕೊನೆಯದು ನನ್ನನ್ನೇ ಕೇಳಿದ್ದು. ನೀವಾಗಿದ್ದರೆ ಅವಳನ್ನು ಕನ್ನಡಿ ಮುಂದೆ ಕೂರಿಸಿಕೊಂಡು ಇಬ್ಬರ ಮೂಗಿಗೂ ದಾರ ಹಿಡಿದು ಅಳೆಯುತ್ತಿದ್ದಿರಿ. ನಾನು ಬಾಯಿ ಮೇಲೆ ಬೆರಳಿಡು ಎಂದೆ.

ನೀವು ಶಾಲೆ ನನ್ನ ಕೈಗೆ ಬಿಟ್ಟು ಹೋದ ಮೇಲೆ ಏನೇನು ಬದಲಾಯಿತು ಎಂಬುದು ನಿಮ್ಮ ಕಿವಿಗೆ ಬಿದ್ದಿರಬಹುದು. ಮರಳಿನ ಪೆಟ್ಟಿಗೆ, ನೀರಿನ ತೊಟ್ಟಿ, ನೀವು ಬಡಗಿಯ ಬೆನ್ನು ಬಿದ್ದು ಮಾಡಿಸಿದ ಮರದ ತುಂಡುಗಳು, ಎಲ್ಲವನ್ನೂ ಸಾಮಾನು ಕೋಣೆಗೆ ತುಂಬಿದೆ. ಆ ಜಾಗದಲ್ಲಿ ಡೆಸ್ಕು ಹಾಕಿಸಿದೆ. ಮೂರು ಸಾಲು ಅಕ್ಷರ ಬರೆದು ಮುಗಿಸದ ಮಗು ಅಂಗಳಕ್ಕೆ ಹೋಗುವಂತಿಲ್ಲ. ಎರಡನೆಯ ಟೀಚರು ಬಿಟ್ಟು ಹೋದಾಗ ಬೇರೆಯವರನ್ನು ತೆಗೆದುಕೊಳ್ಳಲಿಲ್ಲ, ಬಾಯಿಪಾಠಕ್ಕೆ ಒಬ್ಬರು ಸಾಕು ಎಂದೆ. ಆಡಳಿತ ಮಂಡಳಿಗೆ ಖುಷಿಯಾಯಿತು. ಇನ್ನೊಂದು ಮಾತು. ದೊಡ್ಡಕ್ಕ ಮಕ್ಕಳನ್ನು ಆಡಿಸುತ್ತಾರೆ, ಕಲಿಸುವುದಿಲ್ಲ ಎಂದು ಮಂಡಳಿಗೆ ಹೇಳಿದ್ದು ಯಾರೋ ತಂದೆತಾಯಿ ಎಂದು ನೀವು ತಿಳಿದುಕೊಂಡಿದ್ದೀರಿ. ಹೇಳಿದವಳು ನಾನು. ನನಗೆ ನಿಮ್ಮ ಕುರ್ಚಿ ಬೇಕಿತ್ತು.

ನಿಮ್ಮ ತಪ್ಪಿನ ಪುಸ್ತಕ ನೆನಪಿದೆಯೇ? ಸೋಮವಾರ ಬೆಳಿಗ್ಗೆ ಮೊದಲ ಸಾಲು ನೀವೇ ಬರೆಯುತ್ತಿದ್ದಿರಿ. ಇಬ್ಬರು ಮಕ್ಕಳ ಚಪ್ಪಲಿ ಅದಲುಬದಲು ಮಾಡಿ ಮನೆಗೆ ಕಳಿಸಿದೆ, ಸಿಟ್ಟಿನಲ್ಲಿ ಆಯಾಗೆ ಜೋರು ಮಾಡಿದೆ, ಹೀಗೆ. ಅದನ್ನು ನೋಡಿದ ಮೇಲೆ ನಮ್ಮ ತಪ್ಪು ಬರೆಯಲು ನಮಗೂ ನಾಚಿಕೆಯಾಗುತ್ತಿರಲಿಲ್ಲ. ನಾನು ಆ ಪುಸ್ತಕ ನಿಲ್ಲಿಸಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಬರೆದವರಿಗೆಲ್ಲ ನೋಟಿಸು ಕೊಟ್ಟೆ. ಮೊದಲ ಸಾಲು ಖಾಲಿ ಬಿಟ್ಟೆ. ಆಮೇಲೆ ಪುಸ್ತಕವೇ ಖಾಲಿಯಾಯಿತು. ಆ ಬಿಳಿ ಹಾಳೆಗಳನ್ನು ಮಂಡಳಿಗೆ ತೋರಿಸಿ, ನಮ್ಮಲ್ಲಿ ಈಗ ತಪ್ಪೇ ಆಗುವುದಿಲ್ಲ ಎಂದು ಬೆನ್ನು ತಟ್ಟಿಸಿಕೊಂಡೆ.

ಆ ದಿನ ಯಾಕಮ್ಮ ಒಂದು ಸಾಲು ಬರೆದು ಪೆನ್ಸಿಲ್ ಕೆಳಗಿಟ್ಟಳಂತೆ. ಆಯಾ ಬಾಗಿಲು ತೆರೆದಾಗ ಕಂಡ ಮರದ ತುಂಡುಗಳನ್ನು ಸಾಮಾನು ಕೋಣೆಯಲ್ಲಿ ಯಾಕೆ ಇಟ್ಟಿದ್ದಾರೆ ಎಂದು ಟೀಚರನ್ನು ಕೇಳಿದಳಂತೆ. ಟೀಚರು ಎಂದರೆ ನಮ್ಮ ಗುಬ್ಬಿ, ನೀವೇ ಕೊನೆಗೆ ಸೇರಿಸಿಕೊಂಡ ಸಣಕಲು ಹುಡುಗಿ. ಅವಳೊಬ್ಬಳಿಗೆ ನಲವತ್ತೊಂದು ಮಕ್ಕಳು. ಒಬ್ಬನ ಮೂಗಿನಲ್ಲಿ ರಕ್ತ ಬಂತೆಂದು ಅತ್ತ ತಿರುಗಿದಳು, ಇತ್ತ ಯಾಕಮ್ಮ ತನ್ನ ಪ್ರಶ್ನೆಗೆ ತಾನೇ ಉತ್ತರ ಹುಡುಕಲು ಹೋದಳು. ಬಾಗಿಲು ಹಾಕಿಕೊಂಡಿತು, ಹೊರಗಿನ ಚಿಲಕ ತಾನಾಗಿ ಬಿತ್ತು. ಮಗು ಮರದ ತುಂಡು ತೆಗೆದುಕೊಂಡು ಬಡಿದಿದೆ. ತರಗತಿಯಲ್ಲಿ ನಲವತ್ತು ಗಂಟಲು ಒಟ್ಟಿಗೆ ಅಕ್ಷರ ಕೂಗುತ್ತಿದ್ದವು. ನಡುವೆ ಕೂಗು ನಿಲ್ಲಬಾರದು ಎಂಬುದು ನನ್ನದೇ ಕಟ್ಟಪ್ಪಣೆ. ಆಯಾ ಪೊರಕೆ ತೆಗೆದುಕೊಳ್ಳಲು ಬಾಗಿಲು ತೆರೆದಾಗ ಮಗು ಬೆವರಿನಲ್ಲಿ ತೊಯ್ದು ಪ್ರಜ್ಞೆಯಿಲ್ಲದೆ ಬಿದ್ದಿತ್ತು. ಬೆರಳಿನ ತುದಿಗಳೆಲ್ಲ ಸುಲಿದಿದ್ದವು.

ಚಿಲಕ ಕೆಟ್ಟಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ದೊಡ್ಡಕ್ಕ. ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ.

ಮೂರನೆಯ ದಿನ ಅವಳ ಅಮ್ಮ ಬಂದಳು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ, ಸೀರೆಗೆ ಇನ್ನೂ ನೂಲಿನ ಚೂರು ಅಂಟಿಕೊಂಡಿತ್ತು. ಕಿರುಚಾಡುತ್ತಾಳೆ ಎಂದು ಹೆದರಿ ಆಯಾಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದೆ. ಅವಳು ಕೂರಲೂ ಇಲ್ಲ. ಒಂದೇ ಒಂದು ಕೇಳಿದಳು.

"ನನ್ ಮಗಳು ಬಾಗಿಲು ಬಡೀಲಿಲ್ವಾ?"

ಯಾರಿಗೂ ಕೇಳಿಸಲಿಲ್ಲ ಎಂದೆ. ಹೋಗುವಾಗ ಅವಳು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ನನಗೆ ಕೇಳಿಸಿತ್ತು. ಆಫೀಸಿಗೂ ಸಾಮಾನು ಕೋಣೆಗೂ ನಡುವೆ ಒಂದೇ ಗೋಡೆ, ನಿಮಗೆ ಗೊತ್ತು. ಯಾರೋ ಮೊಳೆ ಹೊಡೆಯುತ್ತಿದ್ದಾರೆ ಎಂದುಕೊಂಡೆ. ತಲೆನೋವಾಗಿ ಕಿಟಕಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಾಗ, ಅಬ್ಬಾ ಮುಗಿಯಿತಲ್ಲ ಎಂದು ಸಮಾಧಾನವೂ ಆಯಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಈಗ ಆಫೀಸಿನಲ್ಲಿ ಕುಳಿತರೆ ಆ ಗೋಡೆಗೆ ಬೆನ್ನು ಹಾಕಲು ಆಗುವುದಿಲ್ಲ.

ನಾಳೆ ಹತ್ತು ಗಂಟೆಗೆ ಮಂಡಳಿಯ ವಿಚಾರಣೆ. ಗುಬ್ಬಿಯದೇ ನಿರ್ಲಕ್ಷ್ಯ ಎಂದು ಈಗಾಗಲೇ ಟೈಪಾಗಿದೆ, ನನ್ನ ಸಹಿ ಒಂದು ಬಾಕಿ. ಆ ಕಾಗದ ಹಿಡಿದು ಹೋದ ಹುಡುಗಿಯನ್ನು ಇನ್ನು ಯಾವ ಶಾಲೆಯೂ ಒಳಗೆ ಸೇರಿಸುವುದಿಲ್ಲ. ನಿನ್ನೆ ಬಂದಿದ್ದಳು. ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ. "ಮೇಡಂ, ನಾಳಿದ್ದು ಒಳಗೆ ಹೋಗುವಾಗ ನೀವೂ ನನ್ ಜೊತೆ ಬರ್ತೀರಾ?" ಎಂದು ಮಾತ್ರ ಕೇಳಿದಳು. ನಾನು ಆ ಟೈಪಾದ ಕಾಗದವನ್ನು ಡ್ರಾಯರಿನೊಳಗೆ ತಳ್ಳಿದೆ.

ನಾನು ಸೇರಿದ ವರ್ಷ ಒಂದು ಮಗು ನನ್ನ ಕಣ್ಣು ತಪ್ಪಿಸಿ ಗೇಟು ದಾಟಿ ರಸ್ತೆಗೆ ಓಡಿತ್ತಲ್ಲ, ಆಗ ನಾನೂ ಹೀಗೇ ನಿಮ್ಮ ಮುಂದೆ ನಿಂತಿದ್ದೆ. ನೀವು ನನಗಿಂತ ಮೊದಲು ಒಳಗೆ ಹೋಗಿ ಆ ಅಪ್ಪನಿಗೆ, "ಇದು ನನ್ ಶಾಲೆ, ಬೈಯೋದಿದ್ರೆ ನನಗೆ ಬೈರಿ" ಎಂದಿರಿ. ಹೊರಗೆ ಬಂದ ಮೇಲೆ ನನಗೆ ಬೈದಿರಿ ಕೂಡ. ಆದರೆ ಮೊದಲು ನೀರು ಕುಡಿಸಿದಿರಿ.

ನಿಮಗೆ ನಾಲ್ಕು ಜನರ ಪರಿಚಯವಿದೆ. ದಯವಿಟ್ಟು ಗುಬ್ಬಿಗೆ ಎಲ್ಲಾದರೂ ಒಂದು ಕೆಲಸ ಹುಡುಕಿಕೊಡಿ. ಇಷ್ಟು ಕೇಳಲೆಂದೇ ಬರೆದೆ. ಆಯಾ ನಿಮ್ಮ ಬೀದಿಯಲ್ಲೇ ಇರುವುದರಿಂದ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಒಂದು ಕಾಲದಲ್ಲಿ ನಿಮ್ಮ ಕೈಕೆಳಗೆ ಬೆಳೆದ,
ತಂಗಿ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಜೊತೆಗಿಟ್ಟ ಹಾಳೆ ನೋಡಿ. ಗುಬ್ಬಿಯ ಅಕ್ಷರ, ಎರಡು ತಿಂಗಳ ಹಿಂದಿನ ತಾರೀಕು: "ಸಾಮಾನು ಕೋಣೆಯ ಚಿಲಕ ತಾನಾಗಿ ಬೀಳುತ್ತದೆ, ಒಳಗಿನಿಂದ ತೆಗೆಯಲು ಬರುವುದಿಲ್ಲ. ನಿನ್ನೆ ನಾನೇ ಸಿಕ್ಕಿಕೊಂಡಿದ್ದೆ. ಕೂಡಲೇ ತಿಳಿಸದೆ ಇದ್ದದ್ದು ನನ್ನ ತಪ್ಪು." ಕೆಳಗಿನ ಕೆಂಪು ಶಾಯಿ ನನ್ನದು: "ತರಗತಿ ಬಿಟ್ಟು ಅಲ್ಲಿಗೆ ಯಾಕೆ ಹೋಗಿದ್ದಿರಿ?" ಗುಬ್ಬಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದಾಗ ನಾನು ತಪ್ಪಿನ ಪುಸ್ತಕದಿಂದ ಈ ಹಾಳೆ ಹರಿದು ತೆಗೆಯುತ್ತಿದ್ದೆ. ಇದು ನನ್ನ ಹತ್ತಿರ ಇದ್ದರೆ ಬೆಳಗಾಗುವಷ್ಟರಲ್ಲಿ ಸುಟ್ಟುಬಿಡುತ್ತೇನೆ. ನಾಳೆ ಹತ್ತಕ್ಕೆ ಇದನ್ನು ಹಿಡಿದುಕೊಂಡು ಬನ್ನಿ, ದೊಡ್ಡಕ್ಕ. ನಾನು ಬಾಯಿ ಬಿಡದಿದ್ದರೆ ನೀವೇ ಓದಿ.