ಇಬ್ಬರು ಮಂಜಮ್ಮಂದಿರು

ಫೆಬ್ರವರಿ ೧೨, ೨೦೦೮. ಚಳ್ಳಕೆರೆ

ಇವತ್ತು ಏಳು ಕೂಸು. ಕಿವಿ ಪರೀಕ್ಷೆಯ ಮಿಷನ್ನಿಗೆ ಸದ್ದಾಗಬಾರದು, ಕೂಸು ಮಲಗಿರಬೇಕು. ಬಾಣಂತಿ ವಾರ್ಡಿನಲ್ಲಿ ಅದು ಆಗುವ ಮಾತಾ! ಫ್ಯಾನ್ ಆರಿಸಿ, ಅಜ್ಜಿಯರನ್ನೆಲ್ಲ ಹೊರಗೆ ಕಳಿಸಿ ಕೆಲಸ ಮುಗಿಸಿದೆ. ಕಿವಿ ಸರಿಯಿದ್ದರೆ ‘ಪಾಸ್’, ಅನುಮಾನವಿದ್ದರೆ ‘ರೆಫರ್’. ಆರು ಪಾಸ್. ಮಂಜಮ್ಮನ ಹೆಣ್ಣುಕೂಸು ಎರಡೂ ಕಿವಿ ರೆಫರ್. ಹೆದರಿಸುವುದು ಬೇಡವೆಂದು ಬಾಯಲ್ಲಿ ಹೇಳದೆ, ತಿಂಗಳು ಬಿಟ್ಟು ಬನ್ನಿ ಎಂದು ಅವಳ ಕಾರ್ಡಿನಲ್ಲಿ ಬರೆದೆ. ಊಟ ಆದ ಮೇಲೆ ಆಯಾ ಎಲ್ಲರಿಗೂ ಕಾರ್ಡ್ ಹಂಚಿದಳು.

ಮಾರ್ಚ್ ೧೫

ಮಂಜಮ್ಮ ಬಂದಿದ್ದಳು, ಅವಳ ಅವ್ವ ಗೀತಮ್ಮನ ಜೊತೆ. ಎರಡೂ ಕಿವಿ ಪಾಸ್. ಖುಷಿಯಾಯಿತು.

“ಪಾಸಾಗ್ದೆ ಏನ್ರಿ? ಅವತ್ತೂ ನೀವೇ ಪಾಸ್ ಅಂದ್ರಿ. ಆಮ್ಯಾಲೆ ನೋಡಿದ್ರೆ ಕಾರ್ಡ್‌ನಾಗೆ ತಿರ‍್ಗಾ ಬಾ ಅಂತ ಐತೆ,” ಅಂದಳು ಗೀತಮ್ಮ.

ರಿಜಿಸ್ಟರ್ ತೆಗೆದೆ. ಅವತ್ತು ಮಂಜಮ್ಮ ಇಬ್ಬರು... ಮೂರನೇ ಬೆಡ್, ಐದನೇ ಬೆಡ್. ಕೂಸಿಗೆ ಇನ್ನೂ ಹೆಸರಿಲ್ಲವಲ್ಲ, ಎರಡೂ ಕಾರ್ಡಿಗೆ ‘ಮಂಜಮ್ಮನ ಮಗು’ ಅಂತ ಬರೆದು ಕೈತೊಳೆದುಕೊಂಡಿದ್ದೆ. ಬೆಡ್ ನಂಬರ್ ಹಾಕಿಲ್ಲ. ರೆಫರ್ ಆದ ಕೂಸಿನ ಮನೆಗೆ ಪಾಸ್ ಕಾರ್ಡ್ ಹೋಗಿದೆ.

ಡಾಕ್ಟರ್ ಶಾಂತವೀರಪ್ಪನವರಿಗೆ ಹೇಳಿದೆ. ಬೈಯಲಿಲ್ಲ. “ಹೋಗಿ ಹುಡುಕಮ್ಮ ಜಗದಾಂಬ. ಆರು ತಿಂಗಳೊಳಗೆ ಹಿಯರಿಂಗ್ ಏಡ್ ಹಾಕಿದ್ರೆ ಮಾತು ಕಲಿಯೋದು ಸುಲಭ. ತಡ ಆದಷ್ಟೂ ಕಷ್ಟ.”

ಆ ಇನ್ನೊಬ್ಬ ಮಂಜಮ್ಮನ ವಿಳಾಸ ತವರಿನದು. ಉಳ್ಳಾರ್ತಿ ಕಡೆ. ನಾಳೆ ಹೋಗಬೇಕು.

ಜುಲೈ ೨೪

ಹೋದದ್ದು ಇವತ್ತು. ಪೋಲಿಯೋ ಡ್ಯೂಟಿ, ಎಲೆಕ್ಷನ್... ಎಲ್ಲ ನೆಪ. ಹೆದರಿದ್ದೆ, ಅಷ್ಟೇ.

ಬಾಗಿಲಲ್ಲಿ ಮಂಜಮ್ಮನ ಅವ್ವ ಸೂರಮ್ಮ. “ಐದ್ನೇ ತಿಂಗ್ಳಿಗೆ ಗಂಡನ ಮನಿಗೆ ಕಳ್ಸಿದ್ವಿ ಕಣವ್ವಾ. ಕೂಸು ಅಂದ್ರೆ ಕೂಸು! ಗುಡುಗಿದ್ರೂ ಏಳಂಗಿಲ್ಲ.” ಎಷ್ಟು ಹೆಮ್ಮೆ ಅವಳಿಗೆ.

ಗಂಡನ ಊರು ಮೊಳಕಾಲ್ಮೂರಿನ ಆಚೆ, ಜಟಿಂಗ ರಾಮೇಶ್ವರ ಬೆಟ್ಟದ ಹತ್ತಿರ. ಆರು ತಿಂಗಳು ತುಂಬಲು ಇನ್ನು ಹದಿನೆಂಟು ದಿನ.

ಜುಲೈ ೨೬, ಸಂಜೆ

ಎರಡು ಬಸ್ಸು, ಒಂದು ಆಟೋ. ಮನೆ ಸಿಕ್ಕಿತು. ಕೂಸಿನ ಹೆಸರು ಸೌಂದರ್ಯ. ನನ್ನ ಮುಖ ನೋಡಿ ನಕ್ಕಿತು. ಮಲಗಿಸಿ ಮೂರು ಸಲ ನೋಡಿದೆ. ಮೂರು ಸಲವೂ ರೆಫರ್.

ದಾವಣಗೆರೆಯಲ್ಲಿ ದೊಡ್ಡ ಟೆಸ್ಟ್ ಮಾಡಿಸಲು ಚೀಟಿ ಬರೆದುಕೊಟ್ಟೆ. ತಪ್ಪು ನನ್ನದು, ಕಾರ್ಡ್ ಅದಲುಬದಲಾಯಿತು ಎಂದೂ ಹೇಳಿದೆ. ಗಂಡ ಹನುಮಂತರಾಜು ಎದ್ದು ಹೊರಗೆ ಹೋದ.

ಮಂಜಮ್ಮ ಅಳಲಿಲ್ಲ. “ನಂಗೆ ಅನುಮಾನ ಇತ್ತು ಸಿಸ್ಟರ್. ಪಾಸ್ ಅಂತ ಬರ್ದೈತಲ್ಲ, ನಿಂಗೇನ್ ಬಂದೈತೆ ಅಂತ ಎಲ್ರೂ ನನ್ನೇ ಬೈದ್ರು.”

ಮಿಷನ್ ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಹೊಸ್ತಿಲ ತನಕ ಬಂದಳು, ಕೂಸನ್ನು ಎದೆಗೊತ್ತಿಕೊಂಡು.

“ಹೆಸ್ರಿಡೋ ದಿನ ಕಿವ್ಯಾಗೆ ಬಾಯಿಟ್ಟು ಮೂರು ಸಲ ಕರ್ದೆ ಸಿಸ್ಟರ್, ನಾನೇ. ಅದೂ ಕೇಳ್ಸಿಲ್ವಾ?”