ಎರಡನೇ ಸಾಕ್ಷಿ

ಅಪ್ಪಾ,

ಇವತ್ತು ಒಂಬತ್ತನೇ ತರಗತಿಯ ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದ ಚರಿತ್ರೆಯನ್ನು ಓದಿದರು. ಮುಂದಿನ ಬೆಂಚಿನ ಹುಡುಗಿ ಗಿರಣಿ ಮುಷ್ಕರದ ಬಗ್ಗೆ ಬರೆದಿದ್ದಳು.

"ಗೇಟಿನ ಬೀಗ ತೆಗೆದು ಪೊಲೀಸರನ್ನ ಒಳಗೆ ಬಿಟ್ಟಿದ್ದು ಕಾವಲುಗಾರನೇ ಅಂತಾರೆ ನಮ್ಮಜ್ಜಿ. ನಮ್ಮಜ್ಜ ಸತ್ತಿದ್ದು ಅವತ್ತೇ."

ಇಪ್ಪತ್ತು ವರ್ಷದಿಂದ ಹೇಳಿಕೊಡುವ ನಿಯಮವನ್ನೇ ಅಡ್ಡ ಹಿಡಿದೆ: "ಒಬ್ಬರ ಮಾತು ಸಾಲ್ದು ಕಣಮ್ಮ, ಇನ್ನೊಂದು ಸಾಕ್ಷಿ ಬೇಕು."

"ಅಲ್ಲಿದ್ದೋರು ಯಾರೂ ಉಳಿದಿಲ್ಲ ಮಿಸ್. ಯಾರನ್ನ ಕೇಳ್ಲಿ?"

ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. ಕೆಂಪು ಶಾಯಿಯಲ್ಲಿ 'ಆಧಾರ ಸಾಲದು' ಎಂದು ಬರೆದು ಪುಸ್ತಕ ವಾಪಸು ಕೊಟ್ಟೆ.

ಅವತ್ತು ನಿನ್ನ ಊಟದ ಡಬ್ಬಿ ಹಿಡಿದು ಗೇಟಿನ ಬಳಿ ನಿಂತಿದ್ದೆನಲ್ಲ. ಬೀಗಕ್ಕೆ ಕೈ ಹಾಕುವ ಮೊದಲು ನೀನು, "ಕಣ್ಮುಚ್ಕೋ ಪುಟ್ಟಿ" ಅಂದಿದ್ದೆ.

ನಾನು ಮುಚ್ಚಿಕೊಳ್ಳಲಿಲ್ಲ, ಅಪ್ಪಾ.