ಆಚೆ ಬರಬಾರದ ಸೂಜಿ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ನಾಲ್ಕು ತಿಂಗಳು ಕಳೆದಿದ್ದೇನೆ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಮುಂದೆ ಓದು. ನಾವೆಲ್ಲ ಸೌಖ್ಯ. ಮನೆಯಲ್ಲಿ ಒಂದು ತಲೆ ಹೆಚ್ಚಾಗಿದೆ. ಬೆಕ್ಕಿನದು.

ಅಂಗಡಿಯಲ್ಲಿ ಇಲಿಗಳ ಕಾಟ ವಿಪರೀತವಾಗಿತ್ತು. ಯಾರದೋ ಮದುವೆ ಕೋಟಿನ ತೋಳನ್ನೇ ಕಡಿದುಹಾಕಿದವು. ಗಟ್ಟಿಮುಟ್ಟಾದ ಬೆಕ್ಕೊಂದನ್ನು ತರೋಣವೆಂದು ಬೀದಿ ಪ್ರಾಣಿಗಳ ಆಶ್ರಯಧಾಮಕ್ಕೆ ಹೋದೆ. ಅಲ್ಲಿ ಬಿಳಿ ಮೈಮೇಲೆ ಕರಿ ತೇಪೆ ಹಾಕಿದಂತಿದ್ದ ಮುದಿ ಬೆಕ್ಕೊಂದು ಹಿಂಗಾಲು ಎಳೆದುಕೊಂಡು ಬಂದು ನನ್ನ ಬೆರಳು ಮೂಸಿತು. "ಅದಕ್ಕೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇನ್ಸುಲಿನ್ ಹಾಕ್ಬೇಕು, ಬದುಕಿರೋವರೆಗೂ. ತಪ್ಪಿದ್ರೆ ಉಳಿಯಲ್ಲ. ಅದಕ್ಕೇ ಯಾರೂ ಕರ್ಕೊಂಡು ಹೋಗಲ್ಲ" ಎಂದರು ಅಲ್ಲಿನ ಮೇಡಂ. ನನ್ನ ಕೊರಳಲ್ಲಿದ್ದ ಟೇಪು ನೋಡಿ, "ನೀವು ಟೈಲರ್ ಅಲ್ವಾ? ಸೂಜಿ ನಿಮಗೇನು ಹೊಸದಾ!" ಎಂದು ನಕ್ಕರು. ಇಲ್ಲವೆನ್ನಲು ನಾಚಿಕೆಯಾಗಿ ಬೆಕ್ಕನ್ನು ಎತ್ತಿಕೊಂಡು ಬಂದೆ. ಮೈಗೆ ಚುಚ್ಚುವ ಸೂಜಿಯೆಂದರೆ ನನಗಿರುವ ಪುಕ್ಕಲುತನ ನಿನಗೆ ಗೊತ್ತೇ ಇದೆ.

ನಿನ್ನ ನಾದಿನಿ ಹಣೆ ಚಚ್ಚಿಕೊಂಡಳು. "ಇಲಿ ಹೆದರ್ಲಿ ಅಂತ ಬೆಕ್ಕು ತಂದ್ರಿ. ಈಗ ಮನೇಲಿ ಹೆದರಿರೋದು ನೀವೊಬ್ರೇ!" ತೇಪೆ ಎಂದು ಹೆಸರಿಟ್ಟವಳೂ ಅವಳೇ.

ಮೊದಲ ವಾರದ ಕಥೆ ಕೇಳು. ಕಣ್ಣು ಅರೆಮುಚ್ಚಿ, ಉಸಿರು ಬಿಗಿಹಿಡಿದು ಚುಚ್ಚುತ್ತಿದ್ದೆ. ತೇಪೆ ನೀರು ಕುಡಿದೇ ಕುಡಿಯಿತು, ದಿನದಿನಕ್ಕೂ ಸೊರಗಿತು. ಗಾಬರಿಬಿದ್ದು ಡಾಕ್ಟರ ಬಳಿ ಓಡಿದೆ. ಅವರು ನನ್ನ ಕೈಯಿಂದಲೇ ಹಾಕಿಸಿ ನೋಡಿ, ಬೆಕ್ಕಿನ ಒದ್ದೆ ಕೂದಲು ಮುಟ್ಟಿ, "ಟೈಲರ್ ಸಾಹೇಬ್ರೇ, ಹೆಮ್ಮಿಂಗ್ ಮಾಡ್ತಿದ್ದೀರಾ? ಸೂಜಿ ಒಳಗೆ ಹೋದ್ರೆ ಸಾಕು, ಆಚೆ ಬರಬಾರದು!" ಎಂದರು. ಮೂವತ್ತು ವರ್ಷದ ಕೈ, ಅಕ್ಕ. ಹೊಕ್ಕ ಸೂಜಿಯನ್ನು ಆ ಬದಿಯಿಂದ ತೆಗೆಯುವುದಷ್ಟೇ ಅದಕ್ಕೆ ಗೊತ್ತು. ಔಷಧವೆಲ್ಲ ಕೂದಲಿನ ಪಾಲಾಗಿತ್ತು.

ಅಂದಿನಿಂದ ಕಣ್ಣು ಬಿಟ್ಟು, ಚರ್ಮವನ್ನು ನೆರಿಗೆ ಹಿಡಿದಂತೆ ಎತ್ತಿ, ಸೂಜಿಯನ್ನು ಒಳಗೇ ನಿಲ್ಲಿಸಲು ಕಲಿತೆ. ಔಷಧ ಎಷ್ಟು ಗೊತ್ತೇ? ಒಂದು ಹನಿಯೂ ಪೂರ್ತಿ ಇಲ್ಲ. ಅಷ್ಟಕ್ಕೇ ಎರಡು ತಿಂಗಳಲ್ಲಿ ಹಿಂಗಾಲು ನೆಟ್ಟಗಾದವು. ಹೋದ ಮಂಗಳವಾರ ಅಂಗಿಯ ಬಟ್ಟೆ ಕತ್ತರಿಸುತ್ತಿದ್ದೆ. ತೇಪೆ ನೆಲದಿಂದ ಒಂದೇ ನೆಗೆತಕ್ಕೆ ಮೇಜಿನ ಮೇಲೆ ಹಾರಿ ಬಟ್ಟೆಯ ನಟ್ಟನಡುವೆ ಕುಳಿತಿತು. ನಾನು ಕತ್ತರಿ ಕೆಳಗಿಟ್ಟು ನೋಡುತ್ತ ನಿಂತುಬಿಟ್ಟೆ. ಗಿರಾಕಿ ಮೂರು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ.

ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ. ಈಗ ಏಳು ಗಂಟೆಗೆ ಅದೇ ಬಂದು ಮುಂದೆ ಕೂರುತ್ತದೆ. ಚುಚ್ಚುವ ಕೈ ಇದೇ ಎಂದು ಅದಕ್ಕೆ ಗೊತ್ತು. ಆದರೂ ನನ್ನ ಮಣಿಕಟ್ಟಿನ ಮೇಲೆ ಗದ್ದ ಊರಿ ಗುರುಗುಟ್ಟುತ್ತದೆ. ಅಷ್ಟು ನಂಬಿಕೆಗೆ ತಕ್ಕದ್ದು ನಾನೇನು ಮಾಡಿದ್ದೇನೆ? ದಿನಕ್ಕೆರಡು ಸಲ ಮೈ ಜುಮ್ಮೆನ್ನುತ್ತದೆ. ಇಲಿಗಳು ಮಾತ್ರ ಈಗಲೂ ಆರಾಮಾಗಿವೆ.

ಭಾವನಿಗೆ ನಮಸ್ಕಾರ ತಿಳಿಸು. ಮಗಳಿಗೆ ಈ ಮಾವನ ಆಶೀರ್ವಾದ, ಕಾಲೇಜಿನಲ್ಲಿ ಚೆನ್ನಾಗಿ ಓದಲಿ. ನಿನ್ನ ಮಂಡಿನೋವು ಬೇಗ ಇಳಿಯಲಿ.

ನಿನ್ನ ಬೈಗುಳಕ್ಕೆ ಕಾದಿರುವ
ತಮ್ಮ

ತಾ.ಕ.: ಈ ಕಾಗದ ತಡವಾದದ್ದು ಬೆಕ್ಕಿನಿಂದಲ್ಲ. ನೀನು ಹೆರಿಗೆಗೆ ಆಸ್ಪತ್ರೆ ಸೇರುವ ಮುನ್ನ ಅಮ್ಮನ ನಾಲ್ಕು ದಿನದ ಇನ್ಸುಲಿನ್ ಅಳೆದು, ಸಿರಿಂಜುಗಳಲ್ಲಿ ತುಂಬಿ ನನಗೆ ಒಪ್ಪಿಸಿದ್ದೆ. ನಾನು ಒಂದನ್ನೂ ಹಾಕಲಿಲ್ಲ. ಚುಚ್ಚಲು ಧೈರ್ಯ ಬರಲಿಲ್ಲ. ಇಷ್ಟು ಚೂರಿನಲ್ಲಿ ಏನಿದೆ ಎಂದುಕೊಂಡು ಎಲ್ಲವನ್ನೂ ಬಚ್ಚಲಿಗೆ ಚೆಲ್ಲಿದೆ. ಅಮ್ಮ ನೋಡಿದ್ದಳು. "ಹೋಗ್ಲಿ ಬಿಡು ಮಗಾ, ಅಕ್ಕನಿಗೆ ಹೇಳ್ಬೇಡ" ಎಂದಳು. ಐದನೆಯ ದಿನ ಹೋಗಿಬಿಟ್ಟಳು. "ಅಳತೆ ತಪ್ಪಿ ನಾನೇ ಅಮ್ಮನ್ನ ಕೊಂದೆ" ಎಂದು ನೀನು ಹದಿನೆಂಟು ವರ್ಷದಿಂದ ಅಳುತ್ತಿದ್ದೀಯ, ನಾನು ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುತ್ತ ಬಂದೆ. ನಿನ್ನ ಅಳತೆ ಸರಿಯಾಗಿಯೇ ಇತ್ತು, ಅಕ್ಕ.